ಫ್ರೆಂಚರು ಸೋತ ಪನಾಮಾದಲ್ಲಿ ಅಮೆರಿಕ ಗೆದ್ದದ್ದು ಹೇಗೆ?

ಪ್ರಶ್ನೆ: ಸೂಯೆಜ್ ಕಾಲುವೆ ತೋಡಿಸಿದ ಫ್ರಾನ್ಸಿನ ಡಿ ಲೆಸೆಪ್ಸ್ ಅಂಥವರೇ ಪನಾಮಾದಲ್ಲಿ ಕಾಲುವೆ ತೋಡಲು ಹೋಗಿ ಕೈಚೆಲ್ಲಿದರು. ಅಲ್ಲೇ ಅಮೆರಿಕದವರು ಹೇಗೆ ಗೆದ್ದರು? ದುಡ್ಡು, ಯಂತ್ರ ಜಾಸ್ತಿ ಇತ್ತು ಅಂತಲಾ?

ಅದೂ ಇತ್ತು. ಆದರೆ ಅದಕ್ಕಿಂತ ಮುಂಚೆ ಅವರು ಸೊಳ್ಳೆಯನ್ನು ಗೆದ್ದರು.

ಫ್ರೆಂಚರ ಕೆಲಸ 1881ರಲ್ಲಿ ಶುರುವಾಗಿ 1889ರಲ್ಲಿ ಕಂಪನಿ ದಿವಾಳಿಯಾಗಿ ನಿಂತಿತು. ಅಷ್ಟರಲ್ಲಿ ಸುಮಾರು 20,000 ಜನ ಸತ್ತಿದ್ದರು, ಹೆಚ್ಚಿನವರು ಹಳದಿ ಜ್ವರ ಮತ್ತು ಮಲೇರಿಯಾದಿಂದ. ಅವರ ಆಸ್ಪತ್ರೆಯಲ್ಲಿ ಇರುವೆ ಹತ್ತಬಾರದು ಅಂತ ಮಂಚದ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡುತ್ತಿದ್ದರು. ಆ ನೀರಲ್ಲೇ ಸೊಳ್ಳೆ ಮರಿಯಾಗುತ್ತಿತ್ತು, ಕಿಟಕಿಗೆ ಜಾಲರಿಯೂ ಇರಲಿಲ್ಲ. ಕ್ಯೂಬಾದ ವೈದ್ಯ ಕಾರ್ಲೋಸ್ ಫಿನ್ಲೆ ಹಳದಿ ಜ್ವರ ಹರಡುವುದು ಸೊಳ್ಳೆ ಅಂತ 1881ರಲ್ಲೇ ಬೆರಳು ತೋರಿಸಿದ್ದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1898ರಲ್ಲಿ ಸ್ಪೇನ್ ಜೊತೆ ಯುದ್ಧ ಗೆದ್ದು ಅಮೆರಿಕ ಕ್ಯೂಬಾದಲ್ಲಿ ತಳವೂರಿತು. ಅಲ್ಲೇ 1900ರಲ್ಲಿ ಸೇನಾ ವೈದ್ಯ ವಾಲ್ಟರ್ ರೀಡ್ ಅವರ ತಂಡ ಫಿನ್ಲೆ ಮಾತು ನಿಜ ಅಂತ ತೋರಿಸಿತು.

ಪನಾಮಾ ಆಗ ಕೊಲಂಬಿಯಾದ ಭಾಗ. ಕಾಲುವೆಗೆ ಜಾಗ ಕೊಡುವ ಬಗ್ಗೆ ಅಮೆರಿಕದ ಜೊತೆಗಿನ ಒಪ್ಪಂದವನ್ನು 1903ರಲ್ಲಿ ಕೊಲಂಬಿಯಾ ತಿರಸ್ಕರಿಸಿತು. ನವೆಂಬರ್‌ನಲ್ಲಿ ಪನಾಮಾ ಬೇರೆಯಾಯಿತು, ಅಮೆರಿಕದ ಯುದ್ಧನೌಕೆ ಕಾವಲಿಗೆ ನಿಂತಿತ್ತು. ಎರಡೇ ವಾರದಲ್ಲಿ 1 ಕೋಟಿ ಡಾಲರ್‌ಗೆ ಕಾಲುವೆಗೆ ಬೇಕಾದ 10 ಮೈಲಿ ಅಗಲದ ನೆಲದ ಪಟ್ಟಿ ಅಮೆರಿಕದ ಕೈಗೆ ಬಂತು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ದೊಡ್ಡ ಕಂಪನಿಗಳ ಮೂಗುದಾರ ಹಿಡಿದವರು, 1906ರಲ್ಲಿ ಮಾಂಸ, ಔಷಧಿಗಳ ಶುದ್ಧತೆಗೆ ಕಾನೂನು ತಂದವರು. ಹೊರಗೆ ಬಲಪ್ರಯೋಗಕ್ಕೆ ಹಿಂಜರಿಯದವರೂ ಅವರೇ. ಎರಡರ ಹಿಂದೆಯೂ ಒಂದೇ ನಂಬಿಕೆ ನನಗೆ ಕಾಣುತ್ತದೆ: ಸರ್ಕಾರ ಕೈ ಹಾಕಿದರೆ ಎಲ್ಲವನ್ನೂ ಸರಿಮಾಡಬಹುದು.

1904ರಲ್ಲಿ ಅಮೆರಿಕದ ಸೇನಾ ವೈದ್ಯ ಡಾ. ವಿಲಿಯಂ ಗೋರ್ಗಸ್ ಪನಾಮಾಕ್ಕೆ ಬಂದಾಗ ಮೇಲಿನವರಿಗೆ ಸೊಳ್ಳೆಯ ಮಾತು ಸುಮ್ನೆ ಖರ್ಚು ಅನ್ನಿಸಿತ್ತು. ಮರುವರ್ಷ ಹಳದಿ ಜ್ವರ ಎದ್ದು, ಬಂದಿದ್ದ ಅಮೆರಿಕನ್ನರು ಸಿಕ್ಕ ಹಡಗು ಹತ್ತಿ ಓಡತೊಡಗಿದರು. ಹೊಸ ಮುಖ್ಯ ಎಂಜಿನಿಯರ್ ಜಾನ್ ಸ್ಟೀವನ್ಸ್ ಅಗೆಯುವುದನ್ನೇ ನಿಲ್ಲಿಸಿ, ಮೊದಲು ಗೋರ್ಗಸ್ ಕೇಳಿದ್ದೆಲ್ಲ ಕೊಡಿ ಅಂದರು. ಆಳುಗಳು ಮನೆಮನೆಗೆ ಹೋಗಿ ಸಂದುಗಳಿಗೆ ಕಾಗದ ಅಂಟಿಸಿ ಗಂಧಕದ ಹೊಗೆ ಹಾಕಿದರು, ನಿಂತ ನೀರಿಗೆ ಎಣ್ಣೆ ಸುರಿದರು. ಎಲ್ಲಕ್ಕಿಂತ ಮುಖ್ಯವಾದದ್ದು ನಲ್ಲಿ ನೀರು: ನಲ್ಲಿ ಬಂದ ಮೇಲೆ ಮನೆಯಲ್ಲಿ ಪೀಪಾಯಿ ತುಂಬಿಡುವ ಅಗತ್ಯವೇ ಇರಲಿಲ್ಲ, ಹಳದಿ ಜ್ವರದ ಸೊಳ್ಳೆ ಮೊಟ್ಟೆ ಇಡುವುದೂ ಅಂಥ ನೀರಲ್ಲೇ. (ನಮ್ಮಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆ ಇದೇ. ಆಶಾ ಕಾರ್ಯಕರ್ತೆಯರು ಡ್ರಮ್ಮು, ತೊಟ್ಟಿ ಇಣುಕಿ ನೋಡುವುದು ಅದಕ್ಕೇ.) 1905 ಮುಗಿಯುವ ಹೊತ್ತಿಗೆ ಪನಾಮಾ ನಗರದಲ್ಲಿ ಹಳದಿ ಜ್ವರ ನಿಂತೇ ಹೋಯಿತು. 1914ರ ಆಗಸ್ಟ್ 15ರಂದು ಕಾಲುವೆ ತೆರೆಯಿತು.

ಆದರೆ ಈ ಗೆಲುವು ಎಲ್ಲರಿಗೂ ಸಮನಾಗಿ ಸಿಗಲಿಲ್ಲ. ಬಿಳಿಯ ಅಮೆರಿಕನ್ನರಿಗೆ 'ಚಿನ್ನದ ಪಟ್ಟಿ', ಅಂದರೆ ಚಿನ್ನದ ಲೆಕ್ಕದ ಸಂಬಳ, ಜಾಲರಿ ಹಾಕಿದ ಮನೆ. ಬಾರ್ಬಡೋಸ್, ಜಮೈಕಾದಿಂದ ಬಂದು ನಿಜವಾಗಿ ಮಣ್ಣು ಹೊತ್ತ ಕಪ್ಪು ಕಾರ್ಮಿಕರಿಗೆ ಬೆಳ್ಳಿ ಲೆಕ್ಕದ ಸಂಬಳದ 'ಬೆಳ್ಳಿಯ ಪಟ್ಟಿ', ಕಿಕ್ಕಿರಿದ ಶೆಡ್ಡು, ಒಣಗದ ಬಟ್ಟೆ. ಹಳದಿ ಜ್ವರ ಹೋದ ಮೇಲೆ ಅವರನ್ನು ನ್ಯುಮೋನಿಯಾ ಕೊಂದಿತು, ಡೈನಮೈಟ್ ಕೊಂದಿತು. ಅಮೆರಿಕದ ಲೆಕ್ಕದಲ್ಲೇ ಸತ್ತವರು 5,609. ಅವರಲ್ಲಿ ಸುಮಾರು 4,500 ಮಂದಿ ಕಪ್ಪು ಕಾರ್ಮಿಕರು.