ಗಡಿಯಾರದ ಮೋಟಾರಿನಿಂದ ಹುಟ್ಟಿದ ಫಂಕ್

ಹ್ಯಾಮಂಡ್ ಆರ್ಗನ್ ಎಂಬ ವಿದ್ಯುತ್ ಕೀಬೋರ್ಡ್ ವಾದ್ಯ ಕೇಳಲು ಹೋಗುವವರು ಸ್ವಲ್ಪ ಬೇಗನೇ ಹೋಗಬೇಕು. ಅದನ್ನು ಶುರು ಮಾಡುವುದೇ ನೋಡುವಂಥದ್ದು. ಮ್ಯೂಸಿಯಂ ಒಂದರ ದೊಡ್ಡ ಹಾಲ್‌ನಲ್ಲಿ ಜಾಝ್ ಮತ್ತು ಲಯವೇ ಜೀವಾಳವಾದ ಫಂಕ್ ಸಂಗೀತದ ಕಛೇರಿ ಇತ್ತು, ನಾನು ಮುಂದಿನ ಸಾಲಿನಲ್ಲೇ ಕೂತಿದ್ದೆ. ವಾದಕರು ಬಂದು ಒಂದು ಸ್ವಿಚ್ ಒತ್ತಿ ಹಿಡಿದರು. ಏಳೆಂಟು ಸೆಕೆಂಡ್ ಹಾಗೇ ನಿಂತರು. ಆಮೇಲೆ ಅದನ್ನು ಬಿಡದೆ ಪಕ್ಕದ ಇನ್ನೊಂದು ಸ್ವಿಚ್ ಹಾಕಿದರು. ಒಳಗೆ ಏನೋ ತಿರುಗುವ ಸಣ್ಣ ಗುಂಯ್ ಸದ್ದು!

ನಿಜವಾಗಿಯೂ ಅಲ್ಲಿ ತಿರುಗುವುದು ಗಡಿಯಾರದ ಮೋಟಾರಿನ ಅಣ್ಣ. ಲಾರೆನ್ಸ್ ಹ್ಯಾಮಂಡ್ ಅಮೆರಿಕದಲ್ಲಿ ವಿದ್ಯುತ್ ಗಡಿಯಾರ ಮಾಡುತ್ತಿದ್ದವರು. ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದೆಮುಂದೆ ಆಗುತ್ತದೋ ಅದಕ್ಕೆ ಕಟ್ಟಿಹಾಕಿದ ಹಾಗೆ, ಒಂದಿಷ್ಟೂ ಹೆಚ್ಚುಕಮ್ಮಿ ಇಲ್ಲದೆ ತಿರುಗುವ ಮೋಟಾರು ಅವರ ಕೈಯಲ್ಲಿತ್ತು. ಗಡಿಯಾರ ತಪ್ಪದಿದ್ದರೆ ಶ್ರುತಿಯೂ ತಪ್ಪುವುದಿಲ್ಲ, ಅಲ್ವಾ? 1935ರಲ್ಲಿ ಅವರ ಆರ್ಗನ್ ಮಾರುಕಟ್ಟೆಗೆ ಬಂತು. ಈ ಮೋಟಾರಿನ ಒಂದು ಕೊರತೆ ಏನೆಂದರೆ ಅದು ತಾನಾಗಿ ಓಡಲು ಶುರು ಮಾಡುವುದಿಲ್ಲ, ಬೇರೊಂದು ಮೋಟಾರು ಅದನ್ನು ವೇಗಕ್ಕೆ ತರಬೇಕು. ಆ ಏಳೆಂಟು ಸೆಕೆಂಡ್ ಕಾಯುವುದು ಅದಕ್ಕೇ.

ಒಳಗೆ 91 ಸಣ್ಣ ಲೋಹದ ಚಕ್ರಗಳು. ಅಂಚಿನಲ್ಲಿ ಉಬ್ಬುತಗ್ಗು. ಪಕ್ಕದಲ್ಲಿ ತಂತಿ ಸುತ್ತಿದ ಅಯಸ್ಕಾಂತ. ಉಬ್ಬು ಹತ್ತಿರ ಬಂದು ಹೋದಾಗಲೆಲ್ಲ ತಂತಿಯಲ್ಲಿ ಕರೆಂಟು ಒಮ್ಮೆ ಏರಿ ಇಳಿಯುತ್ತದೆ. 16 ಉಬ್ಬುಗಳ ಚಕ್ರ ಸೆಕೆಂಡಿಗೆ 27.5 ಸುತ್ತು ತಿರುಗಿದರೆ? ಗುಣಿಸಿ ನೋಡಿ: 440. ವಾದ್ಯಗಳನ್ನೆಲ್ಲ ಶ್ರುತಿ ಮಾಡಿಕೊಳ್ಳುವ ಅದೇ ಎ ಸ್ವರ. ಈ ಚಕ್ರಗಳನ್ನು ತಿರುಗಿಸುವ ಗೇರುಗಳ ಹಲ್ಲು ಮಾತ್ರ ಪೂರ್ಣಸಂಖ್ಯೆಯಲ್ಲೇ ಇರಬೇಕು, ಅರ್ಧ ಹಲ್ಲು ಕೊರೆಯುವಂತಿಲ್ಲ. ಹಾಗಾಗಿ ನಡುವಿನ ಸಿ ಸ್ವರ 261.63 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಸಲ ಏರಿಳಿತ) ಇರಬೇಕಾದಲ್ಲಿ 261.54ಕ್ಕೆ ನಿಲ್ಲುತ್ತದೆ. ಕಿವಿಗೆ ಗೊತ್ತಾಗದ ವ್ಯತ್ಯಾಸ. ಆದರೆ 60 ಹರ್ಟ್ಜ್ ಕರೆಂಟಿಗೆ ಮಾಡಿದ ಆರ್ಗನ್ನನ್ನು ಸುಮ್ನೆ 50 ಹರ್ಟ್ಜ್ ಕರೆಂಟಿಗೆ ಚುಚ್ಚಿದರೆ 440 ಇದ್ದದ್ದು 367ರ ಹತ್ತಿರಕ್ಕೆ ಇಳಿದುಬಿಡುತ್ತದೆ. ಇಡೀ ವಾದ್ಯದ ಶ್ರುತಿಯೇ ಕೆಳಗೆ!

ಕೀಬೋರ್ಡಿನ ಒಂದು ಕೀ ಒತ್ತಿದರೆ ಅದರ ಕೆಳಗೆ ಒಂಬತ್ತು ಸಂಪರ್ಕಗಳು ಕೂಡುತ್ತವೆ, ಒಂದೇ ಕ್ಷಣದಲ್ಲಿ ಅಲ್ಲ, ಕೂದಲೆಳೆಯಷ್ಟು ಹಿಂದೆಮುಂದೆ. ಆಗ 'ಟಕ್' ಎಂಬ ಸದ್ದು ಬರುತ್ತದೆ. ಆರ್ಗನ್ ಮಾಡಿದವರಿಗೆ ಅದು ದೋಷ. ನುಡಿಸುವವರಿಗೆ ಅದೇ ಪ್ರಾಣ. ಫಂಕ್‌ನಲ್ಲಿ ಒಂದೊಂದು ಸ್ವರವೂ ಡ್ರಮ್ ಪೆಟ್ಟಿನ ಹಾಗೆ ಬೀಳಬೇಕು, ಆ ಟಕ್ ಇಲ್ಲದಿದ್ದರೆ ಸ್ವರಕ್ಕೆ ಅಂಚೇ ಇರುವುದಿಲ್ಲ. 1956ರಿಂದ ಜಾಝ್ ಆರ್ಗನ್ ವಾದಕ ಜಿಮ್ಮಿ ಸ್ಮಿತ್ ಧ್ವನಿಮುದ್ರಿಸಿದ ಸಂಗೀತ ಕೇಳಿದರೆ ಇದು ಗೊತ್ತಾಗುತ್ತದೆ. ಎಡಗೈ ಮತ್ತು ಕಾಲಿನಲ್ಲೇ ಬೇಸ್, ಅಂದರೆ ಮಂದ್ರ ಸ್ವರಗಳನ್ನು ನುಡಿಸುತ್ತಿದ್ದರಿಂದ ಅವರ ತಂಡಕ್ಕೆ ಗಿಟಾರ್, ಡ್ರಮ್ ಇದ್ದರೆ ಸಾಕಿತ್ತು.

ಇನ್ನು ಆರ್ಗನ್ ಪಕ್ಕದಲ್ಲಿರುವ ಮರದ ಪೆಟ್ಟಿಗೆ. ಅದು ಡಾನ್ ಲೆಸ್ಲಿ 1940ರ ಸುಮಾರಿಗೆ ಮಾಡಿದ ಸ್ಪೀಕರ್. ಮೇಲೆ ಒಂದು ಕಹಳೆ ಗಿರಗಿರ ತಿರುಗುತ್ತದೆ, ಕೆಳಗೆ ಮಂದ್ರಕ್ಕೆ ಒಂದು ಪೀಪಾಯಿ. ಕಹಳೆಯ ಬಾಯಿ ನಮ್ಮ ಕಡೆ ಬರುವಾಗ ಶ್ರುತಿ ತುಸು ಏರುತ್ತದೆ, ದೂರ ಹೋಗುವಾಗ ಇಳಿಯುತ್ತದೆ. ಆಂಬುಲೆನ್ಸ್ ದಾಟಿ ಹೋದಾಗ ಸೈರನ್ ಬದಲಾಗುವ ಡಾಪ್ಲರ್ ಪರಿಣಾಮವೇ ಇದು, ವೇಗದಲ್ಲಿಟ್ಟರೆ ಸೆಕೆಂಡಿಗೆ ಆರೇಳು ಸಲ. ಕಹಳೆಗೆ ಎರಡು ಬಾಯಿ ಕಾಣುತ್ತದೆ, ಸದ್ದು ಬರುವುದು ಒಂದರಿಂದ, ಇನ್ನೊಂದು ತೂಕ ಸರಿದೂಗಿಸಲು. ಹ್ಯಾಮಂಡ್ ಅವರಿಗೆ ಈ ಸ್ಪೀಕರ್ ಇಷ್ಟವೇ ಆಗಲಿಲ್ಲ ಅನ್ನುವುದು ನನಗೆ ಇವತ್ತಿಗೂ ಬೇಜಾರಿನ ವಿಷಯ.

ಆದರೆ ಇದೆಲ್ಲ ನಡೆಯುವುದು ಮ್ಯೂಸಿಯಂ ಹಾಲ್‌ನಲ್ಲಿ. ಕಲ್ಲಿನ ನೆಲ, ಗಟ್ಟಿ ಗೋಡೆ, ಎತ್ತರದ ಚಾವಣಿ. ಕೋಣೆಯ ಸದ್ದಿನ ವಿಜ್ಞಾನ ಶುರುವಾದದ್ದೂ ಒಂದು ಮ್ಯೂಸಿಯಂನಲ್ಲೇ, ಅದೂ ಗಾಳಿಯಿಂದ ನುಡಿಯುವ ಹಳೆಯ ಆರ್ಗನ್‌ನ ಕೊಳವೆಯಿಂದ! 1895ರಲ್ಲಿ ಹಾರ್ವರ್ಡ್‌ನ ಫಾಗ್ ಕಲಾ ಮ್ಯೂಸಿಯಂನ ಉಪನ್ಯಾಸ ಕೋಣೆಯಲ್ಲಿ ಮಾತೇ ಅರ್ಥವಾಗುತ್ತಿರಲಿಲ್ಲ, ಸದ್ದು ಸುಮಾರು 5.5 ಸೆಕೆಂಡ್ ಉಳಿಯುತ್ತಿತ್ತು. ವ್ಯಾಲೇಸ್ ಸೇಬಿನ್ ಎಂಬ ಯುವ ಭೌತವಿಜ್ಞಾನಿ ರಾತ್ರಿ ಹೊತ್ತು ಆರ್ಗನ್ ಕೊಳವೆ ಊದಿಸಿ, ಸದ್ದು ಅಡಗುವವರೆಗಿನ ಹೊತ್ತು ಅಳೆದರು. ಪಕ್ಕದ ರಂಗಮಂದಿರದ ಮೆತ್ತೆಗಳನ್ನು ಹೊತ್ತು ತಂದು ಹಾಕಿದರು, ಮತ್ತೆ ಅಳೆದರು. ಮೆತ್ತೆ ಜಾಸ್ತಿ ಆದಷ್ಟೂ ಸದ್ದು ಬೇಗ ಅಡಗಿತು. ಆ ಲೆಕ್ಕದಿಂದಲೇ 1900ರಲ್ಲಿ ಬಾಸ್ಟನ್ ಸಿಂಫನಿ ಹಾಲ್ ಎದ್ದು ನಿಂತಿತು.

ಫಂಕ್‌ನಲ್ಲಿ ಸ್ವರದಷ್ಟೇ ಮುಖ್ಯ ನಡುವಿನ ಖಾಲಿ. ನಿಮಿಷಕ್ಕೆ 100 ಪೆಟ್ಟಿನ ಲಯದಲ್ಲಿ 5.5 ಸೆಕೆಂಡ್ ಅಂದರೆ ಒಂಬತ್ತು ಪೆಟ್ಟು ಒಂದರ ಮೇಲೊಂದು ಬಿದ್ದ ಹಾಗೆ. ಖಾಲಿ ಎಲ್ಲಿ ಉಳಿಯಿತು? ಆ ಸಂಜೆ ನಮ್ಮನ್ನು ಕಾಪಾಡಿದ್ದು ನಾವೇ. ಖಾಲಿ ಹಾಲ್‌ನಲ್ಲಿ ಡ್ರಮ್ ಪೆಟ್ಟು ಗೋಡೆಯಿಂದ ಗೋಡೆಗೆ ಓಡಾಡಿತ್ತು, ಜನ ತುಂಬಿದ ಮೇಲೆ ಅದೇ ಪೆಟ್ಟು ಬಿಗಿಯಾಗಿ ಕೇಳಿಸಿತು. ನಮ್ಮ ಮೈ, ಬಟ್ಟೆ ಎಲ್ಲವೂ ಸೇಬಿನ್ ಅವರ ಮೆತ್ತೆಗಳೇ. ಮಂದ್ರ ಸ್ವರಗಳನ್ನು ಬಟ್ಟೆ ಅಷ್ಟಾಗಿ ಹೀರುವುದಿಲ್ಲ, ಹಾಗಾಗಿ ಬೇಸ್ ಮಾತ್ರ ಕಾಲಡಿ ಇನ್ನೂ ಸುಳಿಯುತ್ತಿತ್ತು. ವಾದಕರಿಗೆ ಅದು ತಕ್ಷಣ ಗೊತ್ತಾಗಿರಬೇಕು, ಎರಡನೇ ಹಾಡಿಗೆ ಎಡಗೈ ಸ್ವರಗಳನ್ನು ಚಿಕ್ಕದಾಗಿ ಕತ್ತರಿಸಿ ನುಡಿಸತೊಡಗಿದರು.

ಕೊನೆಯ ಹಾಡಿನ ಕೊನೆಯ ಸ್ವರಗಳನ್ನು ಒತ್ತಿ ಹಿಡಿದೇ ಅವರು ಸ್ಪೀಕರನ್ನು ನಿಧಾನದ ವೇಗಕ್ಕೆ ತಂದರು. ಹಗುರದ ಕಹಳೆ ಬೇಗ ನಿಧಾನವಾಯಿತು. ಕೆಳಗಿನ ಭಾರದ ಪೀಪಾಯಿ ಇನ್ನೂ ಕೆಲವು ಸೆಕೆಂಡ್ ತನ್ನ ಹಳೆಯ ವೇಗದಲ್ಲೇ ಉರುಳುತ್ತಾ, ಮೆಲ್ಲಗೆ ಬಂದು ಅದನ್ನು ಸೇರಿಕೊಂಡಿತು.