ಹ್ಯೂಗೋ ಪ್ರಶಸ್ತಿ: ಹೊಸ ಸದಸ್ಯರು ಬಂದರೆ ಏನಾಗುತ್ತದೆ?

ಹ್ಯೂಗೋ ಪ್ರಶಸ್ತಿಯ ಸುದ್ದಿ ಬಂತೆಂದರೆ ಈಗೀಗ ಪುಸ್ತಕಗಳಿಗಿಂತ ವೋಟಿನ ಲೆಕ್ಕದ ಮಾತೇ ಜಾಸ್ತಿ. ಯಾರು ಹೊಸದಾಗಿ ಸದಸ್ಯರಾದರು, ಅವರ ವೋಟು ಹಿಡಿಯಬೇಕಾ, ಬಿಡಬೇಕಾ ಎಂಬ ಜಗಳ ನಡೆಯುತ್ತಲೇ ಇದೆ.

ಬುಕರ್, ಜ್ಞಾನಪೀಠಕ್ಕೆ ತೀರ್ಪುಗಾರರಿದ್ದಾರೆ. ಹ್ಯೂಗೋಗೆ ಓದುಗರೇ ತೀರ್ಪುಗಾರರು. ವಿಜ್ಞಾನ ಕಥೆ, ಫ್ಯಾಂಟಸಿಗೆ ಸಲ್ಲುವ ಈ ಪ್ರಶಸ್ತಿ 1953ರಲ್ಲಿ ಫಿಲಡೆಲ್ಫಿಯಾದಲ್ಲಿ ಶುರುವಾಯಿತು. ವರ್ಷವರ್ಷವೂ ಊರು ಬದಲಾಯಿಸುವ ವರ್ಲ್ಡ್‌ಕಾನ್ ಸಮ್ಮೇಳನಕ್ಕೆ ದುಡ್ಡು ಕಟ್ಟಿ ಸದಸ್ಯರಾದ ಯಾರು ಬೇಕಾದರೂ ವೋಟು ಹಾಕಬಹುದು. ಸಮ್ಮೇಳನಕ್ಕೆ ಹೋಗಲೇಬೇಕೆಂದಿಲ್ಲ. 2015ರಲ್ಲಿ ಇಂಥ ಸದಸ್ಯತ್ವಕ್ಕೆ 40 ಡಾಲರ್ ಇತ್ತು.

ವೋಟು ಎರಡು ಸುತ್ತಿನದು. ಮೊದಲು ಪ್ರತಿ ವಿಭಾಗಕ್ಕೂ ಐದು ಹೆಸರು ಸೂಚಿಸಬೇಕು. ಆಮೇಲೆ, ಹೆಚ್ಚು ಜನ ಸೂಚಿಸಿದ ಹೆಸರುಗಳ ಅಂತಿಮ ಪಟ್ಟಿಯಲ್ಲಿ ಯಾವುದು ಮೊದಲು, ಯಾವುದು ಎರಡನೆಯದು ಎಂದು ಕ್ರಮವಾಗಿ ಗುರುತಿಸಬೇಕು. ಆ ಪಟ್ಟಿಯಲ್ಲಿ ‘ಯಾರಿಗೂ ಪ್ರಶಸ್ತಿ ಬೇಡ’ ಎಂಬ ಆಯ್ಕೆಯೂ ಇರುತ್ತದೆ. 1987ರಲ್ಲಿ, ಗುಂಪಾಗಿ ಬಂದ ವೋಟಿನಿಂದ ಒಳಗೆ ಬಂತು ಎಂಬ ದೂರಿದ್ದ ಕಾದಂಬರಿಯೊಂದು ಈ ‘ಬೇಡ’ಕ್ಕಿಂತಲೂ ಕೆಳಗೆ ಹೋಗಿತ್ತು. ಅದು ಬಿಟ್ಟರೆ ದಶಕಗಳ ಕಾಲ ದೊಡ್ಡ ಗಲಾಟೆಯೇನೂ ಇರಲಿಲ್ಲ.

ತೊಂದರೆ ಇದ್ದದ್ದು ಮೊದಲ ಸುತ್ತಿನಲ್ಲಿ. ಒಂದು ವರ್ಷಕ್ಕೆ ಬರುವ ಸಣ್ಣಕಥೆಗಳು ನೂರಾರು. ಓದುಗರ ವೋಟು ಅಷ್ಟರಲ್ಲೂ ಚದುರಿಹೋಗುತ್ತದೆ. ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. ಸಾವಿರ ಜನರಲ್ಲಿ 800 ಮಂದಿ ತಮಗಿಷ್ಟವಾದದ್ದನ್ನು ಬರೆದರು, ಯಾವ ಕಥೆಗೂ ನೂರೈವತ್ತರ ಮೇಲೆ ಬರಲಿಲ್ಲ. ಉಳಿದ 200 ಮಂದಿ ಯಾರೋ ಕೊಟ್ಟ ಐದು ಹೆಸರುಗಳನ್ನೇ ಬರೆದರು. ಐದಕ್ಕೆ ಐದೂ ಅವರದ್ದೇ!

2013ರಿಂದ ಇಂಥ ಪಟ್ಟಿಗಳು ಹರಿದಾಡತೊಡಗಿದವು. ಒಂದೇ ಬಗೆಯ ಬರಹಕ್ಕೆ ಪ್ರಶಸ್ತಿ ಹೋಗುತ್ತಿದೆ ಎಂಬುದು ಪಟ್ಟಿ ಹಂಚಿದವರ ಅಸಮಾಧಾನ. 2015ರಲ್ಲಿ ಕೆಲವು ವಿಭಾಗಗಳು ಪೂರ್ತಿ ಪಟ್ಟಿಯ ಪಾಲಾದವು. ಆಗ ಪಟ್ಟಿಯನ್ನು ವಿರೋಧಿಸುವ ಕಡೆಯಿಂದಲೂ ಜನ ದುಡ್ಡು ಕಟ್ಟಿ ಬಂದರು. ಸೂಚಿಸುವ ಸುತ್ತಿನಲ್ಲಿ 2,122 ಇದ್ದ ಮತಪತ್ರಗಳು ಅಂತಿಮ ಸುತ್ತಿನಲ್ಲಿ 5,950 ಆದವು. ಐದು ವಿಭಾಗಗಳಲ್ಲಿ ‘ಬೇಡ’ವೇ ಗೆದ್ದಿತು. ಆದರೆ ಅದೇ ವರ್ಷ, ಒಬ್ಬ ಲೇಖಕರು ಹಿಂದೆ ಸರಿದದ್ದರಿಂದ ತೆರವಾದ ಜಾಗಕ್ಕೆ ಬಂದ ಚೀನಾದ ಲ್ಯೂ ಸಿಶಿನ್ ಅವರ ಕಾದಂಬರಿಗೆ ಪ್ರಶಸ್ತಿ ಬಂತು. ಅನುವಾದಿತ ಕಾದಂಬರಿಯೊಂದು ಗೆದ್ದದ್ದು ಅದೇ ಮೊದಲು. ಹೊಸಬರು ಬಂದರೆ ಕೆಡುತ್ತದೆ ಎನ್ನುವವರು ಇದನ್ನು ಮರೆಯಬಾರದು.

ಆಗ ಸದಸ್ಯತ್ವ ಶುಲ್ಕ ಏರಿಸಿ ಬಾಗಿಲು ಬಿಗಿ ಮಾಡಬಹುದಿತ್ತು. ಹಾಗೆ ಮಾಡದೆ ಎಣಿಸುವ ರೀತಿಯನ್ನೇ ಬದಲಾಯಿಸಿದರು. ಅದು ಜಾಣತನದ ಕೆಲಸ. ಈಗ ಪ್ರತಿ ವಿಭಾಗದಲ್ಲಿ ಒಬ್ಬರಿಗೆ ಒಂದೇ ಅಂಕ. ಐದು ಹೆಸರು ಬರೆದರೆ ತಲಾ 0.2. ಅತಿ ಕಡಿಮೆ ಅಂಕದ ಎರಡನ್ನು ಹೋಲಿಸಿ, ಕಡಿಮೆ ಜನ ಬರೆದದ್ದನ್ನು ಕೈಬಿಡುತ್ತಾರೆ. ಆಗ ಅದನ್ನು ಬರೆದವರ ಅಂಕ ಉಳಿದ ಹೆಸರುಗಳಿಗೆ ಹಂಚಿಹೋಗುತ್ತದೆ. ಗುಂಪಿನ ಐದು ಹೆಸರುಗಳು ಹೀಗೆ ಒಂದರ ಅಂಕವನ್ನು ಇನ್ನೊಂದು ಹಂಚಿಕೊಂಡು ಸೊರಗುತ್ತವೆ. ಒಂದೋ ಎರಡೋ ದಾಟಬಹುದು, ಐದೂ ದಾಟುವುದು ಕಷ್ಟ. ನಿಯಮ ಬದಲಾಗಬೇಕಾದರೆ ಎರಡು ವರ್ಷದ ಸಭೆಗಳು ಒಪ್ಪಬೇಕು. ಹಾಗಾಗಿ 2015ರಲ್ಲಿ ಒಪ್ಪಿದ್ದು ಜಾರಿಗೆ ಬಂದದ್ದು 2017ರ ಪ್ರಶಸ್ತಿಗೆ. ಅಂತಿಮ ಪಟ್ಟಿಯೂ ಐದರಿಂದ ಆರಕ್ಕೇರಿತು.

2023ರಲ್ಲಿ ಸಮ್ಮೇಳನ ಚೀನಾದ ಚೆಂಗ್ಡುಗೆ ಹೋಯಿತು. ಅಲ್ಲಿನ ಸಾವಿರಾರು ಓದುಗರು ಮೊದಲ ಬಾರಿ ಸದಸ್ಯರಾದರು. ಆ ವರ್ಷ ಕೆಟ್ಟ ಹೆಸರು ಬಂದದ್ದು ಅವರಿಂದಲ್ಲ. ಕೆಲವು ಕೃತಿಗಳನ್ನು ಕಾರಣವನ್ನೇ ಕೊಡದೆ ‘ಅರ್ಹವಲ್ಲ’ ಎಂದು ಕೈಬಿಟ್ಟದ್ದರಿಂದ.

2024ರ ಗ್ಲಾಸ್ಗೋದಲ್ಲಿ ತಕರಾರು ಬೇರೆ. ಅಂತಿಮ ಸುತ್ತಿನ 3,813 ಮತಪತ್ರಗಳಲ್ಲಿ 377 ರದ್ದಾದವು. ಒಂದು ಸಾಲು ಹೆಸರುಗಳಲ್ಲಿ ಎರಡನೆಯ ಹೆಸರಿನ ಮೊದಲಕ್ಷರ ಮಾತ್ರ ವರ್ಣಮಾಲೆಯ ಕ್ರಮದಲ್ಲಿ ಬದಲಾಗುತ್ತಿತ್ತು. ಇನ್ನೊಂದು ಸಾಲು ಒಂದರ ಹಿಂದೊಂದು ಬರುವ ಅಂಕಿಗಳ ಅನುವಾದವಾಗಿತ್ತು. ಅಂದರೆ ಸದಸ್ಯತ್ವದ ದುಡ್ಡು ಬಂದಿತ್ತು, ಆದರೆ ಹೆಸರಿನ ಹಿಂದೆ ನಿಜವಾದ ಮನುಷ್ಯರಿರಲಿಲ್ಲ. ಇದರ ಲಾಭ ಪಡೆಯಬಹುದಾಗಿದ್ದವರಿಗೆ ವಿಷಯ ಗೊತ್ತಿತ್ತು ಎನ್ನಲು ಪುರಾವೆ ಇಲ್ಲ ಎಂದು ಸಮಿತಿ ಹೇಳಿತು, ಅವರ ಹೆಸರನ್ನೂ ಹೊರಹಾಕಲಿಲ್ಲ.

ಎಣಿಸುವ ಸೂತ್ರ ಗುಂಪನ್ನು ತಡೆಯಬಹುದು, ಇಲ್ಲದ ಮನುಷ್ಯರನ್ನು ಹಿಡಿಯಲಾರದು. ಅದಕ್ಕೆ ಹೆಸರನ್ನೇ ಪರೀಕ್ಷಿಸಬೇಕು, ಅಲ್ವಾ? ಆದರೆ ಅಡ್ಡಹೆಸರೇ ಇಲ್ಲದ, ಊರು ಮತ್ತು ಅಪ್ಪನ ಹೆಸರನ್ನು ಇನಿಷಿಯಲ್ ಮಾಡಿಕೊಂಡ ಮೈಸೂರಿನ ಓದುಗರೊಬ್ಬರು ನಾಳೆ ಸದಸ್ಯರಾದರೆ, ಆ ಹೆಸರೂ ಪರೀಕ್ಷಿಸುವವರ ಕಣ್ಣಿಗೆ ವಿಚಿತ್ರವಾಗಿಯೇ ಕಂಡೀತು. ಅಂಥವರನ್ನು ಅನುಮಾನಿಸದೆ ಕಳ್ಳ ವೋಟು ಹಿಡಿಯುವ ದಾರಿಯನ್ನು ನಿಯಮಗಳು ಇನ್ನೂ ಕಂಡುಕೊಳ್ಳಬೇಕಿದೆ.