ಕೆರೆಯ ಜಾಗದಲ್ಲಿ ಸುರಂಗ: ಮೆಜೆಸ್ಟಿಕ್ ಮೆಟ್ರೊ ನಿಲ್ದಾಣದ ಹಿಂದಿನ ಕಥೆ

ಕಾಸರಗೋಡಿನಲ್ಲಿ ಸಂಜೆ ಕಣ್ಣೂರು–ಬೆಂಗಳೂರು ರೈಲು ಹತ್ತಿದರೆ ಬೆಳಗ್ಗೆ ಬೆಂಗಳೂರು. 1956ರಲ್ಲಿ ಗಡಿ ಗೆರೆ ಬಿದ್ದ ಮೇಲೆ ನಮ್ಮ ಜಿಲ್ಲೆಯ ರಾಜಧಾನಿ ತಿರುವನಂತಪುರ. ಆದರೂ ಬಾಯಾರು, ಪೆರ್ಲ, ನೀರ್ಚಾಲಿನ ಮಕ್ಕಳು ಕೆಲಸ ಹುಡುಕಿ ಹೋಗುವುದು ಜಾಸ್ತಿ ಬೆಂಗಳೂರಿಗೇ. ಅವರ ಹಿಂದೆ ಅಪ್ಪ ಅಮ್ಮಂದಿರೂ ಅಡಕೆ ಕೊಯ್ಲು ಮುಗಿಸಿ, ಹಲಸಿನ ಹಪ್ಪಳದ ಕಟ್ಟು ಹಿಡಿದು ಹೋಗುತ್ತಾರೆ.

ಹೀಗೆ ಬಾಯಾರಿನಿಂದ ನಮ್ಮ ಮಾವ ಜಯನಗರದ ಮಗಳ ಮನೆಗೆ ಹೊರಟಾಗ ನಾನೂ ಜೊತೆಗಿದ್ದೆ. ರೈಲಿಳಿದು ಮೆಜೆಸ್ಟಿಕ್ ಮೆಟ್ರೊ ನಿಲ್ದಾಣಕ್ಕೆ ಬಂದೆವು. ಒಮ್ಮೆ ಇಳಿದೆವು, ಮತ್ತೆ ಇಳಿದೆವು, ಇನ್ನೂ ಇಳಿದೆವು. ಕೊನೆಯ ಪ್ಲಾಟ್‌ಫಾರಂನಲ್ಲಿ ಮಾವ ಗೋಡೆಗೆ ಅಂಗೈ ಇಟ್ಟು ನೋಡಿದರು. "ಇಷ್ಟು ಆಳ ತೋಡಿದ್ದಾರಲ್ಲ, ಒರತೆ ಸಿಕ್ಕಲಿಲ್ವಾ?" ಎಂದು ಕೇಳಿದರು.

ಸರಿಯಾದ ಪ್ರಶ್ನೆ. ಹರೆಯದಲ್ಲಿ ಸುರಂಗ ತೋಡಿದವರು ಅವರು. ನಮ್ಮ ಕಡೆ ಸುರಂಗ ಎಂದರೆ ನೀರು. ಗುಡ್ಡೆಯ ಮುರಕಲ್ಲಿನೊಳಗೆ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನೊಳಗೆ, ಪಿಕ್ಕಾಸಿನಲ್ಲಿ ಅಡ್ಡಕ್ಕೆ ಕೊರೆಯುತ್ತಾ ಹೋಗಬೇಕು. ಅಗಲ ಒಬ್ಬ ಮನುಷ್ಯ ಹಿಡಿಸುವಷ್ಟೇ. ಒಳಗೆ ಉರಿಯುವ ಮೇಣದ ಬತ್ತಿ ಮಂಕಾದರೆ ಗಾಳಿ ಸಾಲದು ಎಂದರ್ಥ, ಕೂಡಲೇ ಹೊರಗೆ ಬರಬೇಕು. ಸುರಂಗ ಉದ್ದವಾದರೆ ಗುಡ್ಡೆಯ ಮೇಲಿನಿಂದ ಗಾಳಿಗಂಡಿ ಇಳಿಸುವುದುಂಟು. ಒರತೆ ಸಿಕ್ಕಿದ ದಿನ ಮನೆಯಲ್ಲಿ ಪಾಯಸ. ಆ ನೀರು ಪಂಪಿಲ್ಲದೆ, ಕರೆಂಟಿಲ್ಲದೆ ಸೀಳಿದ ಅಡಕೆ ಮರದ ದಂಬೆಯಲ್ಲಿ ಹರಿದು ತೋಟದ ಕೆರೆಗೆ ಬೀಳುತ್ತದೆ.

ಮೆಜೆಸ್ಟಿಕ್‌ನಲ್ಲಿ ಲೆಕ್ಕ ಪೂರ್ತಿ ತಿರುಗಿ ನಿಂತಿತ್ತು. ಅಲ್ಲಿ ಸುರಂಗ ತೋಡಿದವರ ಚಿಂತೆ ನೀರನ್ನು ದೂರ ಇಡುವುದು ಹೇಗೆ ಎಂಬುದು. ಆ ಪ್ರದೇಶವೇ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆ. ಕೆಂಪೇಗೌಡರ ಕಾಲದಿಂದ ಬಂದದ್ದು ಎಂಬ ಹೆಸರು ಅದಕ್ಕಿದೆ. ಹಳೆಯ ಪೇಟೆಗೆ ನೀರು ಕೊಟ್ಟ ಕೆರೆ ಅದು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂತು. ಮನೆ ಬಾಗಿಲಿಗೆ ನಲ್ಲಿ ಬಂದ ಮೇಲೆ ಕೆರೆಯನ್ನು ಕೇಳುವವರಿಲ್ಲ. ನೀರು ತರುತ್ತಿದ್ದ ಕಾಲುವೆಗಳು ಒಂದೊಂದಾಗಿ ಮುಚ್ಚಿದವು. ಕೆರೆ ಬತ್ತಿತು, ಮೈದಾನವಾಯಿತು. ಸುಭಾಷ್‌ಚಂದ್ರ ಬೋಸ್ ಹೆಸರಲ್ಲಿ ಸುಭಾಷ್ ನಗರವಾಯಿತು, ಅಲ್ಲಿ ಸಭೆಗಳು ನಡೆದವು. 1960ರ ದಶಕದಲ್ಲಿ ಬಸ್ ನಿಲ್ದಾಣ ಬಂತು. ಮೆಜೆಸ್ಟಿಕ್ ಎಂಬ ಹೆಸರು ಅಲ್ಲಿದ್ದ ಸಿನಿಮಾ ಟಾಕೀಸಿನದ್ದು. ಟಾಕೀಸ್ ಹೋಯಿತು, ಹೆಸರು ಉಳಿಯಿತು. ಕೆರೆಯ ಹೆಸರು ಮಾತ್ರ ಜನರ ಬಾಯಲ್ಲಿ ಉಳಿಯಲಿಲ್ಲ. ಪಕ್ಕದಲ್ಲಿ ಟ್ಯಾಂಕ್ ಬಂಡ್ ರೋಡ್ ಅಂತ ಇವತ್ತಿಗೂ ಒಂದು ರಸ್ತೆ ಇದೆ. ಕೆರೆಯ ಏರಿ ಎಂದು ಅದರ ಅರ್ಥ. ದಿನಾ ಅಲ್ಲಿ ಓಡಾಡುವ ಎಷ್ಟು ಜನ ಇದನ್ನು ಯೋಚಿಸಿದ್ದಾರೋ! ಕೆರೆ ಹೋದದ್ದು ನನಗೆ ನಿಜಕ್ಕೂ ನೋವಿನ ಸಂಗತಿ. ಒಂದು ಊರನ್ನು ಮೂರು ಶತಮಾನಕ್ಕೂ ಹೆಚ್ಚು ಕಾಲ ಸಾಕಿದ ನೀರು ಅದು.

ಮೆಟ್ರೊಗೆ 2006ರ ಜೂನ್‌ನಲ್ಲಿ ಪ್ರಧಾನಿ ಮನಮೋಹನ ಸಿಂಗ್ ಅಡಿಗಲ್ಲು ಹಾಕಿದರು. ಮೊದಲ ಹಂತ ಸುಮಾರು 42 ಕಿಲೋಮೀಟರ್. ಅದರಲ್ಲಿ ನೆಲದಡಿ ಹೋಗುವುದು 8.8 ಕಿಲೋಮೀಟರ್ ಮಾತ್ರ, ಉಳಿದದ್ದು ಹೆಚ್ಚಾಗಿ ಕಂಬಗಳ ಮೇಲೆ. ಊರಿನ ನಡುವೆ ವಿಧಾನಸೌಧ, ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ ಇರುವಲ್ಲಿ ಕಂಬ ನಿಲ್ಲಿಸುವುದು ಹೇಗೆ? ಕೆಳಗೆ ಹೋಗಲೇಬೇಕಿತ್ತು. ಪೂರ್ವ–ಪಶ್ಚಿಮದ ನೇರಳೆ ಮಾರ್ಗ, ಉತ್ತರ–ದಕ್ಷಿಣದ ಹಸಿರು ಮಾರ್ಗ ಎರಡೂ ಸೇರಲು ಮೆಜೆಸ್ಟಿಕ್‌ಗಿಂತ ಒಳ್ಳೆಯ ಜಾಗ ಇರಲಿಲ್ಲ. ರೈಲು, ಊರ ಬಸ್ಸು, ಹೊರ ಊರಿನ ಬಸ್ಸು ಎಲ್ಲ ಅಲ್ಲೇ.

ನಿಲ್ದಾಣವನ್ನು ಮೇಲಿನಿಂದಲೇ ದೊಡ್ಡ ಹೊಂಡ ತೋಡಿ ಕಟ್ಟಿದರು. ನಿಲ್ದಾಣದಿಂದ ನಿಲ್ದಾಣಕ್ಕೆ ಹೋಗುವ ಸುರಂಗಗಳನ್ನು ಯಂತ್ರಗಳು ಕೊರೆದವು. ಹೆಲೆನ್, ಮಾರ್ಗರಿಟಾ, ಕಾವೇರಿ, ಕೃಷ್ಣಾ, ಗೋದಾವರಿ ಎಂದು ಅವಕ್ಕೆ ಹೆಸರು. ಬೆಂಗಳೂರಿನ ನೆಲ ನಮ್ಮ ಮುರಕಲ್ಲಿನಂತಲ್ಲ. ಮೆತ್ತನೆ ಮಣ್ಣು, ಅದರ ನಡುವೆ ದೊಡ್ಡ ಬಂಡೆ, ಕೆಳಗೆ ಗಟ್ಟಿ ಕಗ್ಗಲ್ಲು. ಒಂದೇ ಯಂತ್ರದ ತಲೆ ಏಕಕಾಲಕ್ಕೆ ಮಣ್ಣನ್ನೂ ಕಲ್ಲನ್ನೂ ಕೊರೆಯಬೇಕು. ಚಿಕ್ಕಪೇಟೆ ಮತ್ತು ಮೆಜೆಸ್ಟಿಕ್ ನಡುವೆ ಗೋದಾವರಿಯ ಕೊರೆಯುವ ತಲೆಯೇ ಕೆಟ್ಟು, ಕೆಲಸ ತಿಂಗಳುಗಟ್ಟಲೆ ನಿಂತಿತು.

ಇದರ ಪೆಟ್ಟು ಬಿದ್ದದ್ದು ಹಸಿರು ಮಾರ್ಗಕ್ಕೆ. ಅದರ ಉತ್ತರದ ಭಾಗ 2014ರ ಮಾರ್ಚ್‌ನಲ್ಲೇ ಶುರುವಾಗಿತ್ತು. ಆದರೆ ಸಂಪಿಗೆ ರಸ್ತೆಗೆ ಬಂದು ನಿಲ್ಲುತ್ತಿತ್ತು. ಮೆಜೆಸ್ಟಿಕ್ ಅಲ್ಲಿಂದ ಒಂದೇ ನಿಲ್ದಾಣ ದೂರ, ಆ ಒಂದು ನಿಲ್ದಾಣಕ್ಕೆ ಮೂರು ವರ್ಷ ದಾಟಿತು. 2016ರ ಏಪ್ರಿಲ್ ಕೊನೆಗೆ ನೇರಳೆ ಮಾರ್ಗದ ರೈಲು ಮೆಜೆಸ್ಟಿಕ್‌ನಲ್ಲಿ ಓಡತೊಡಗಿತು. ಅದರ ಅಡಿಯ ಹಸಿರು ಪ್ಲಾಟ್‌ಫಾರಂಗೆ ಪ್ರಯಾಣಿಕರು ಬಂದದ್ದು 2017ರ ಜೂನ್‌ನಲ್ಲಿ.

ಒಳಗಿನ ರಚನೆ ಒಂದು ಸಲ ತಿಳಿದರೆ ಕಷ್ಟವಿಲ್ಲ. ಎರಡು ಮಾರ್ಗ ಒಂದನ್ನೊಂದು ಅಡ್ಡ ಹಾಯಬೇಕು. ಒಂದೇ ಮಟ್ಟದಲ್ಲಿ ಹಾಯಲು ಆಗುವುದಿಲ್ಲ, ಆದ್ದರಿಂದ ಮಹಡಿ ಮೇಲೆ ಮಹಡಿ. ರಸ್ತೆಯಿಂದ ಇಳಿದರೆ ಮೊದಲು ಟಿಕೆಟ್ ಮತ್ತು ತಪಾಸಣೆಯ ಅಂಕಣ. ಅದರ ಕೆಳಗೆ ನೇರಳೆ, ಇನ್ನೂ ಕೆಳಗೆ ಹಸಿರು. ಮಾರ್ಗ ಬದಲಿಸುವವರು ಹೊರಗೆ ಬರಬೇಕಿಲ್ಲ, ಒಳಗೊಳಗೇ ಹತ್ತಿ ಇಳಿದರೆ ಸಾಕು.

ಇನ್ನು ಮಾವನ ಪ್ರಶ್ನೆ. ನೀರು ಬರುತ್ತದೆ, ಅದನ್ನು ತಡೆಯುತ್ತಾರೆ. ಯಂತ್ರ ಮುಂದೆ ಹೋದಂತೆ ಹಿಂದೆ ಕಾಂಕ್ರೀಟ್ ತುಂಡುಗಳನ್ನು ಬಳೆಯಂತೆ ಜೋಡಿಸುತ್ತಾರೆ. ತುಂಡುಗಳ ಸಂದಿಗೆ ರಬ್ಬರ್ ಪಟ್ಟಿ. ಬಳೆಗೂ ಮಣ್ಣಿಗೂ ನಡುವೆ ಉಳಿದ ಜಾಗಕ್ಕೆ ಸಿಮೆಂಟಿನ ಗಾರೆ ತುಂಬುತ್ತಾರೆ. ಅದನ್ನೂ ದಾಟಿ ಜಿನುಗಿದ್ದು ತಗ್ಗಿನ ಗುಂಡಿಗೆ ಇಳಿಯುತ್ತದೆ, ಪಂಪು ಅದನ್ನು ಮೇಲೆತ್ತುತ್ತದೆ. ಗಾಳಿಗೆ ದೊಡ್ಡ ಫ್ಯಾನುಗಳೂ ನೆಲದ ಮೇಲಿನವರೆಗೆ ಬರುವ ಗಾಳಿಗೂಡುಗಳೂ ಇವೆ. "ನಮ್ಮ ಗಾಳಿಗಂಡಿಯೇ" ಎಂದರು ಮಾವ.

ಊರಿನಿಂದ ಹೊರಡುವವರಿಗೆ ಒಂದು ಮಾತು. ರೈಲು ನಿಲ್ದಾಣದ ಒಂದನೇ ಪ್ಲಾಟ್‌ಫಾರಂ ಕಡೆಯಿಂದ ಹೊರಗೆ ಬಂದರೆ ಎದುರಿಗೆ ಬಸ್ ನಿಲ್ದಾಣ, ಅಲ್ಲೇ ಮೆಜೆಸ್ಟಿಕ್ ಮೆಟ್ರೊ. ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣ ಎಂಬ ಹೆಸರಲ್ಲಿ ಇನ್ನೊಂದು ಮೆಟ್ರೊ ನಿಲ್ದಾಣವಿದೆ, ಅಲ್ಲಿ ನೇರಳೆ ಮಾರ್ಗ ಮಾತ್ರ. ಜಯನಗರ, ಬನಶಂಕರಿ, ಯಶವಂತಪುರ ಕಡೆಗೆ ಹಸಿರು ಬೇಕು, ಅಂದರೆ ಮೆಜೆಸ್ಟಿಕ್‌ನ ತೀರಾ ಅಡಿಗೆ ಇಳಿಯಬೇಕು. ಕೈಯಲ್ಲಿ ತೆಂಗಿನಕಾಯಿಯ ಗೋಣಿ ಇದ್ದರೆ, ಮಂಡಿ ನೋವಿದ್ದರೆ ಎಸ್ಕಲೇಟರ್‌ಗೆ ಕಾಲಿಡಬೇಡಿ. ಲಿಫ್ಟ್ ಎಲ್ಲಿ ಎಂದು ಅಲ್ಲಿರುವ ಸಿಬ್ಬಂದಿಯನ್ನು ಕನ್ನಡದಲ್ಲೇ ಕೇಳಿ.